ಹೂವಿನಕ್ಕನ ಎಡಗೈ

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಮೊದಲು ಸಿಗುವುದು ಔಷಧಿ ಅಂಗಡಿ. ಅದರ ಮಗ್ಗುಲಿಗೆ ಅಂಟಿಕೊಂಡ ಹಾಗೆ ಒಂದು ಹೂವಿನಂಗಡಿ. ಅಂಗಡಿ ಅನ್ನುವುದು ಮರ್ಯಾದೆಗೆ. ಇಬ್ಬರು ಒಳಗೆ ನಿಂತರೆ ಮೂರನೆಯವರು ಬಾಗಿಲಲ್ಲೇ ನಿಂತು ಕೈ ಚಾಚಬೇಕು. ಗೋಡೆಯುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಹಲಗೆಗಳು, ಹಲಗೆಗಳ ಮೇಲೆ ನೀರು ತುಂಬಿದ ಬಕೆಟ್ಟುಗಳು, ಅವುಗಳಲ್ಲಿ ಗುಲಾಬಿ, ಸೇವಂತಿಗೆ, ಕಾರ್ನೇಷನ್, ಲಿಲ್ಲಿ. ಮೂಲೆಯಲ್ಲಿ ಎದೆಮಟ್ಟದ ಒಂದು ಮೇಜು. ಅದರ ಮೇಲೆ ಕತ್ತರಿ, ಚಾಕು, ತಂತಿಯ ಸುರುಳಿ, ದಾರದ ಉಂಡೆ. ನೆಲ ವರ್ಷವಿಡೀ ಒದ್ದೆ. ಒಳಗೆ ಬಂದವರು ಮೊದಲು ಹೂವು ನೋಡುತ್ತಿರಲಿಲ್ಲ, ಜಾರಿ ಬೀಳದ ಹಾಗೆ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು.

ಅಂಗಡಿಯ ಒಡತಿಯನ್ನು ಊರೆಲ್ಲ ಹೂವಿನಕ್ಕ ಅಂತಲೇ ಕರೆಯುತ್ತಿತ್ತು. ಅವಳಿಗಿಂತ ಹಿರಿಯರಾದವರಿಗೂ ಅವಳು ಅಕ್ಕನೇ. ಚಿಕ್ಕ ವಯಸ್ಸಿನಲ್ಲಿ ಇದೇ ಅಂಗಡಿಗೆ ಕಸ ಗುಡಿಸಲು ಸೇರಿದವಳು. ಆಗ ಅಂಗಡಿ ನಡೆಸುತ್ತಿದ್ದ ಮುದುಕಿ ಜನ್ಮದಲ್ಲಿ ಯಾರನ್ನೂ ಹೊಗಳಿದವಳಲ್ಲ. ಒಂದು ದಿನ ಹುಡುಗಿ ಕಟ್ಟಿದ ಹೂಗುಚ್ಛವನ್ನು ತಿರುಗಿಸಿ ಮುರುಗಿಸಿ ನೋಡಿ, "ಹೂಂ, ಪೊರಕೆ ಪಕ್ಕಕ್ಕಿಡು" ಅಂದಿದ್ದಳಂತೆ. ಅಷ್ಟೇ ಅವಳಿಗೆ ಸಿಕ್ಕಿದ ಪದವಿ. ಮುದುಕಿಗೆ ಕಣ್ಣು ಮಂಜಾದ ಮೇಲೆ ಅಂಗಡಿ ಇವಳದಾಯಿತು.

ಕೆಲಸ ಮಾಡುವಾಗ ಹೂವಿನಕ್ಕನ ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು. ಹೆಂಡತಿಗೆ ಹೂವು ಕೊಳ್ಳಲು ಬಂದ ಗಂಡಸರ ಪಾಡಂತೂ ಕೇಳುವುದೇ ಬೇಡ. "ಏನು ತಪ್ಪು ಮಾಡಿದ್ದೀರಿ? ಸಣ್ಣ ತಪ್ಪಾದ್ರೆ ಸೇವಂತಿಗೆ ಸಾಕು. ದೊಡ್ಡದಾದ್ರೆ ಗುಲಾಬಿ ತಗೊಂಡು ಹೋಗಿ" ಅನ್ನುತ್ತಿದ್ದಳು. ಅವರು ಕಿವಿವರೆಗೂ ಕೆಂಪಾಗಿ ಗುಲಾಬಿಯನ್ನೇ ಒಯ್ಯುತ್ತಿದ್ದರು.

ಅವಳ ಗಂಡ ಊರಿನ ಬಸ್ಸು ಓಡಿಸಿ ಓಡಿಸಿ ನಿವೃತ್ತನಾದವನು. ಆಳು ಆನೆಯಂತಿದ್ದರೂ ಹೆಂಡತಿಯ ಮುಂದೆ ಬೆಕ್ಕಿನ ಮರಿ. ಹೂವಿಗೆಲ್ಲ ಒಟ್ಟಾಗಿ ಅವನು ಇಟ್ಟಿದ್ದ ಹೆಸರು 'ಸೊಪ್ಪು.' "ನಿನ್ನ ಸೊಪ್ಪು ಎಲ್ಲಾ ಮಾರಾಟ ಆಯ್ತಾ?" ಎಂದು ಸಂಜೆ ಕೇಳುವುದು ಅವನ ಪ್ರೀತಿಯ ಮಾತು.

ಅಂಗಡಿಯ ಶಟರು ಕೆಲವು ವಾರಗಳಿಂದ ಕಿರುಗುಟ್ಟುತ್ತಿತ್ತು. ಎತ್ತಿದರೆ ಅರ್ಧಕ್ಕೆ ತಡೆಯುವುದು, ಬಿಟ್ಟರೆ ತಾನಾಗಿ ಒಂದು ಗೇಣು ಇಳಿಯುವುದು. "ನಾಳೆ ಮೆಕ್ಯಾನಿಕ್‌ನ ಕರ್ಕೊಂಡು ಬರ್ತೀನಿ" ಎಂದು ಗಂಡ ಪ್ರತಿದಿನ ಹೇಳುತ್ತಿದ್ದ. ಆ ನಾಳೆ ಬರಲೇ ಇಲ್ಲ.

ಒಂದು ಬೆಳಿಗ್ಗೆ, ಇನ್ನೂ ಬೀದಿದೀಪ ಆರಿರಲಿಲ್ಲ. ಹೂವಿನ ವ್ಯಾನು ಗುಲಾಬಿಯ ಕಟ್ಟುಗಳನ್ನು ಹೊಸ್ತಿಲಲ್ಲಿ ಇಳಿಸಿ ಹೋಗಿತ್ತು. ಹೂವಿನಕ್ಕ ಶಟರು ಎತ್ತಿ, ಕಟ್ಟನ್ನು ಒಳಗೆ ಎಳೆಯಲು ಬಗ್ಗಿದಳು. ಮೇಲೆ ಟಣ್ ಎಂದು ಏನೋ ತುಂಡಾದ ಸದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಶಟರು ಧಡಾರನೆ ಕೆಳಗೆ ಬಂತು. ಹೊಸ್ತಿಲಿಗೆ ಊರಿದ್ದ ಬಲಗೈ ಅದರಡಿಗೆ ಸಿಕ್ಕಿತು.

ಕೂಗು ಕೇಳಿ ಮೊದಲು ಓಡಿ ಬಂದವರು ಔಷಧಿ ಅಂಗಡಿಯವರು. ಮಹಡಿಯ ಮನೆಯಿಂದ ಬನಿಯನ್ನಿನಲ್ಲೇ ಇಳಿದು ಬಂದು, ಶಟರಿಗೆ ಹೆಗಲು ಕೊಟ್ಟು ಎತ್ತಿ, ಕೈಗೆ ಬಟ್ಟೆ ಸುತ್ತಿ, ತಮ್ಮ ಸ್ಕೂಟರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ ಮಾತು: "ಅಣ್ಣಾ, ಗುಲಾಬಿ ಬಿಸಿಲಿಗೆ ಬಿದ್ದಿರುತ್ತೆ, ಯಾರಿಗಾದ್ರೂ ಹೇಳಿ ನೀರಿಗೆ ಹಾಕ್ಸಿ."

ವೈದ್ಯರು ಕೈ ಉಳಿಸಿದರು. ಆದರೆ ತೋರುಬೆರಳು, ನಡುಬೆರಳು ಅರ್ಧಕ್ಕೆ ಹೋದವು. ಹೆಬ್ಬೆರಳು ಉಳಿದರೂ ಮರಗಟ್ಟಿ ನಿಂತಿತು, ಬಾಗಲೊಲ್ಲದು. ಲೋಟ ಹಿಡಿಯಲು ಹೋದರೆ ಲೋಟ ಕೆಳಗೆ, ಗುಂಡಿ ಹಾಕಲು ಹೋದರೆ ಗುಂಡಿ ಜಪ್ಪಯ್ಯ ಅಂದರೂ ತೂತಿಗೆ ಇಳಿಯದು.

ಗಂಡ ಅಡಿಗೆಮನೆ ಹೊಕ್ಕ. ಅವಳ ತಲೆ ಬಾಚಿದ. ಬಸ್ಸಿನ ಸ್ಟಿಯರಿಂಗು ಹಿಡಿದು ಬೆಳೆದ ಕೈ, ಜಡೆ ಹಾಕಿದರೆ ಹಗ್ಗ ಹೊಸೆದ ಹಾಗೆ ಕಾಣುತ್ತಿತ್ತು. ಎಲ್ಲವನ್ನೂ ಮಾಡಿದ, ಅವಳ ಕೈಯನ್ನು ಮಾತ್ರ ನೋಡುತ್ತಿರಲಿಲ್ಲ. ಗಾಯದ ಬಟ್ಟೆ ಬಿಚ್ಚಿ ಮುಲಾಮು ಹಚ್ಚುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಊರಿನಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ತಂಗಿ ವಾರಕ್ಕೆರಡು ಸಲ ಬಂದು ಹೋಗುತ್ತಿದ್ದಳು. ಒಂದು ಸಂಜೆ ಬಂದವಳು ಸುತ್ತಿ ಬಳಸದೆ ನೇರವಾಗಿ ಹೇಳಿದಳು: "ಅಕ್ಕಾ, ಅಂಗಡಿ ಬಿಟ್ಟುಬಿಡು. ಮೊಬೈಲ್ ಅಂಗಡಿಯವರು ಆ ಜಾಗ ಕೇಳ್ತಿದಾರೆ. ಎರಡು ಕೈ ಇದ್ದವರಿಗೇ ಆ ಕೆಲಸ ಕಷ್ಟ."

"ಹೌದು ಕಣೇ" ಎಂದ ಗಂಡ ಬಾಗಿಲ ಹತ್ತಿರ ನಿಂತು. "ನಾನಿದೀನಲ್ಲ. ನೀನು ಆರಾಮಾಗಿ ಕೂತ್ಕೊ."

ಹೂವಿನಕ್ಕ ಬಾಯಿ ಬಿಡಲಿಲ್ಲ. ಮಾತಿನ ಮಲ್ಲಿ ಸುಮ್ಮನಿದ್ದದ್ದು ನೋಡಿ ಒಪ್ಪಿದಳೆಂದೇ ಇಬ್ಬರೂ ತಿಳಿದರು. ಮರುದಿನ ಗಂಡ ಅಡಿಗೆಗೆ ತಂದಿಟ್ಟಿದ್ದ ಸೊಪ್ಪಿನ ಕಟ್ಟು ಬಿಚ್ಚಿತ್ತು. ಎಲ್ಲಾ ಕಡ್ಡಿಗಳನ್ನು ಓರೆಯಾಗಿ ಜೋಡಿಸಿ, ದಾರ ಸುತ್ತಿ, ಹೂಗುಚ್ಛದ ಹಾಗೆ ಮತ್ತೆ ಕಟ್ಟಲಾಗಿತ್ತು. ಕಟ್ಟು ಎಷ್ಟು ಸಡಿಲವಾಗಿತ್ತೆಂದರೆ ಅವನು ಮುಟ್ಟಿದೊಡನೆ ನೆಲದ ಮೇಲೆ ಹರಡಿಕೊಂಡಿತು. ಅದರ ಮರುದಿನ ಈರುಳ್ಳಿ ಸೊಪ್ಪಿನ ಸರದಿ. ಆಮೇಲೆ ಪೊರಕೆ ಕಡ್ಡಿ, ಪೆನ್ಸಿಲ್ಲು, ಅವನ ಹಳೇ ಸಾಕ್ಸು ಕೂಡ.

ಮೊದಮೊದಲು ಅವನು ಗೊಣಗದೆ ನಲುಗಿದ ಸೊಪ್ಪನ್ನೇ ಬೇಯಿಸಿದ. ಕೊನೆಗೊಂದು ದಿನ ತಡೆಯಲಾಗಲಿಲ್ಲ. "ಇದೇನು ಹುಚ್ಚು? ಕೈಗೆ ಒಂದು ವಿಶ್ರಾಂತಿ ಬೇಡ್ವಾ? ನಾನು ಮೊಬೈಲ್ ಅಂಗಡಿಯವರಿಗೆ ಮಾತು ಕೊಡೋಣ ಅಂತಿದೀನಿ."

"ಯಾರ ಅಂಗಡಿ ಅಂತ ಮಾತು ಕೊಡ್ತೀರಿ?"

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೇ."

"ನನ್ನ ಒಳ್ಳೇದಕ್ಕೆ ಅಂತಿದ್ರೆ ಆವತ್ತು ಆ ಶಟರಿನ ಸ್ಪ್ರಿಂಗು ಮಾಡಿಸ್ಬೇಕಿತ್ತು!"

ಮಾತು ಬಾಯಿಂದ ಜಾರಿ ಹೋಗಿತ್ತು. ಆ ದೊಡ್ಡ ದೇಹ ಅಡಿಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತಿತು. ಕೈಯಲ್ಲಿದ್ದ ಸೌಟು ನೋಡುತ್ತಾ, "ದಿನಾ ಅದೇ ಯೋಚನೆ. ಬೆಳಿಗ್ಗೆ ಎದ್ರೆ ಅದೇ, ಮಲಗಿದ್ರೆ ಅದೇ" ಅಂದ.

ಹೂವಿನಕ್ಕ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವನ ಎದುರು ಬಂದು ನಿಂತು ಬಲಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು. "ನೋಡ್ರೀ. ಮುಖ ತಿರುಗಿಸ್ಬೇಡಿ. ಇದು ಹೀಗೇ ಇರುತ್ತೆ. ನೀವು ದಿನಾ ಕೊರಗಿದ್ರೆ ಬೆರಳು ಬೆಳೆಯಲ್ಲ. ನನಗೆ ಅಂಗಡಿ ಬೇಕು, ನನ್ನ ಜೊತೆ ಬನ್ನಿ."

ಅವನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಲೆ ಆರಿಸಿದ.

ಶಟರಿಗೆ ಹೊಸ ಸ್ಪ್ರಿಂಗು ಹಾಕಿಸಿ ಆಗಲೇ ತಿಂಗಳಾಗಿತ್ತು. ಆದರೂ ಅಂಗಡಿಯ ಮುಂದೆ ಬಂದು ನಿಂತೊಡನೆ ಹೂವಿನಕ್ಕನ ಕಣ್ಣು ಮೇಲಿನ ಸ್ಪ್ರಿಂಗಿಗೇ ಹೋಯಿತು. ಗಂಡ ಶಟರು ಎತ್ತಿದ. ಒಳಗೆ ಖಾಲಿ ಬಕೆಟ್ಟುಗಳು, ಒಣಗಿದ ನೆಲ. ಅವಳು ಹೊಸ್ತಿಲಿನ ಈಚೆಗೇ ನಿಂತಳು.

"ಮೇಜು ಹೊರಗೇ ಹಾಕಿ" ಅಂದಳು. "ಇಲ್ಲಿ ಬೆಳಕು ಚೆನ್ನಾಗಿದೆ."

ಹಾಗೆ ಕೆಲವು ದಿನ ಅಂಗಡಿ ಫುಟ್‌ಪಾತಿನ ಮೇಲೇ ನಡೆಯಿತು. ಅವಳು ಹೊರಗೆ ನಿಂತು "ಆ ಬಿಳೀದು ಕೊಡಿ, ಬಿಳೀದು ಅಂದ್ರೆ ಅದಲ್ಲ, ಉದ್ದ ಕಡ್ಡಿದು" ಎಂದು ಕೂಗುವುದು, ಅವನು ಒಳಗಿನಿಂದ ಸೇವಂತಿಗೆ ಕೇಳಿದರೆ ಲಿಲ್ಲಿ, ಲಿಲ್ಲಿ ಕೇಳಿದರೆ ಖಾಲಿ ಬಕೆಟ್ಟು ತಂದುಕೊಡುವುದು. ನೋಡಿದ ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಬೆಳಕಿನ ಮಾತನ್ನು ಮಾತ್ರ ಯಾರೂ ನಂಬಲಿಲ್ಲ. ಬೆಳಕೇನೋ ಇತ್ತು, ಜೊತೆಗೆ ಬಿಸಿಲೂ ಬಸ್ಸಿನ ಹೊಗೆಯೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಗುಲಾಬಿಗಳು ಕತ್ತು ಬಾಗಿಸುತ್ತಿದ್ದವು.

ಬಾಗಿದ ಗುಲಾಬಿಗಳನ್ನು ಕಂಡು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಂದು ಮಧ್ಯಾಹ್ನ ಗಂಡನಿಗೆ, "ಶಟರು ಇಳಿಸಿ" ಅಂದಳು. ಇಳಿಸಿದ. "ಎತ್ತಿ." ಎತ್ತಿದ. "ಮತ್ತೆ." ಎತ್ತಿ ಇಳಿಸಿ, ಎತ್ತಿ ಇಳಿಸಿ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು. ಪಕ್ಕದಿಂದ ಔಷಧಿ ಅಂಗಡಿಯವರು ಇಣುಕಿ, "ಏನು ಡ್ರೈವರೇ, ವ್ಯಾಯಾಮಾನಾ?" ಎಂದು ಕೇಳಿದರು. ಅವನು ಎತ್ತಿ ಇಳಿಸುವುದನ್ನು ನಿಲ್ಲಿಸಲಿಲ್ಲ. ಪ್ರತಿಸಲ ಶಟರು ಇಳಿದಾಗ ಅವಳ ಭುಜ ಬೆಚ್ಚುತ್ತಿತ್ತು. ಒಂದು ಸಲ ಬೆಚ್ಚಲಿಲ್ಲ.

"ಬಿಡಿ, ನಾನು ಎತ್ತುತ್ತೀನಿ" ಎಂದು ಎಡಗೈ ಹಾಕಿದಳು. ಶಟರು ನಡುವಿನವರೆಗೆ ಬಂದು ನಿಂತಿತು. ಅವನು ಸಹಾಯಕ್ಕೆ ಕೈ ಚಾಚಿದ. "ಮುಟ್ಟಬೇಡಿ" ಅಂದಳು. ಹಲ್ಲು ಕಚ್ಚಿ, ಭುಜ ಕೊಟ್ಟು ಮೇಲಕ್ಕೆ ತಳ್ಳಿದಳು. ತಳ್ಳಿ, ಅದೇ ಉಸಿರಿನಲ್ಲಿ ಒಳಗೆ ನಡೆದಳು. ಒಳಗೆ ಹೋದವಳು ಮೊದಲು ಮಾಡಿದ ಕೆಲಸ ಅವನನ್ನು ಬೈದದ್ದು: "ಬಕೆಟ್ಟು ತೊಳೀದೆ ನೀರು ತುಂಬ್ಸಿದೀರಲ್ರೀ!"

ಇನ್ನು ಕಟ್ಟುವ ಕೆಲಸ. ಎಡಗೈ ಕಡ್ಡಿ ಜೋಡಿಸಬಲ್ಲದು, ಆದರೆ ಜೋಡಿಸಿದ್ದನ್ನು ಹಿಡಿದಿಡಲು ಬಲಗೈಗೆ ಹಿಡಿತವಿಲ್ಲ. ಹೂವನ್ನು ಎದೆಗೆ ಒತ್ತಿಕೊಂಡು, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯಲ್ಲಿ ಸುತ್ತುವುದು ಅವಳು ಕಂಡುಕೊಂಡ ದಾರಿ. ಅಂಗಿ ಒದ್ದೆಯಾಗುತ್ತಿತ್ತು, ಮುಳ್ಳು ಚುಚ್ಚುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಬಾಯಲ್ಲಿ ದಾರ ಇರುವಷ್ಟು ಹೊತ್ತು ಮಾತಾಡುವಂತಿಲ್ಲ. ಊರಿಗೆ ಇದು ಹೊಸತು. ಹೂವಿನಕ್ಕ "ಹೂಂ", "ಊಹೂಂ" ಎರಡರಲ್ಲೇ ವ್ಯಾಪಾರ ಮಾಡುತ್ತಿದ್ದಳು. ಮಾತಿಲ್ಲದೆ ನಿಲ್ಲಲಾಗದೆ ಗಿರಾಕಿಗಳೇ ಬಾಯಿ ಬಿಡತೊಡಗಿದರು. ಯಾವಾಗಲೂ ಗುಲಾಬಿ ಒಯ್ಯುತ್ತಿದ್ದ ಬೇಕರಿಯವನು ಹೂವು ಹೆಂಡತಿಗಲ್ಲ, ತನ್ನ ಜೊತೆ ಮಾತು ಬಿಟ್ಟ ಅಮ್ಮನಿಗೆ ಎಂದು ಹೇಳಿದ. ಎಷ್ಟೋ ವರ್ಷ ಅವನನ್ನು ಅದೇ ಹೆಂಡತಿಯ ಹೆಸರಿನಲ್ಲಿ ಗೇಲಿ ಮಾಡಿದ್ದಳು. ಅಂದು ದಾರ ಬಿಟ್ಟ ಮೇಲೆ ಅವನ ಕಟ್ಟಿಗೆ ಇನ್ನೊಂದು ಗುಲಾಬಿ ಸೇರಿಸಿ ಕೊಟ್ಟಳು.

ಎಲ್ಲರೂ ಬರಲಿಲ್ಲ. ಗುಚ್ಛ ಓರೆಯಾಗಿದೆ ಎಂದು ಹಿಂದಕ್ಕೆ ಕೊಟ್ಟವರಿದ್ದರು. ಅಯ್ಯೋ ಪಾಪ ಎಂದು ಬೇಡದಿದ್ದರೂ ಕೊಂಡವರಿದ್ದರು. ಅವಳಿಗೆ ಮೊದಲಿನವರೇ ವಾಸಿ ಅನಿಸುತ್ತಿತ್ತು.

ಹೀಗಿರುವಾಗ ಔಷಧಿ ಅಂಗಡಿಯವರ ಮಗಳಿಗೆ ಮದುವೆ ನಿಶ್ಚಯವಾಯಿತು. ಹುಡುಗಿ ಹೂವಿನಕ್ಕನ ಕಣ್ಣೆದುರೇ ಬೆಳೆದವಳು, ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ಉದುರಿದ ಎಸಳು ಆಯ್ದವಳು. ಹೂವಿನ ಕೆಲಸ ತನಗೇ ಬರುತ್ತದೆಂದು ಹೂವಿನಕ್ಕ ಕಾದಳು. ಅಪ್ಪ ಮಾತ್ರ ಇತ್ತೀಚೆಗೆ ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ಕೊನೆಗೆ ತಂಗಿಯಿಂದ ಸುದ್ದಿ ಬಂತು. ಮದುವೆಯ ಉಡುಪು ಹೊಲಿಯುತ್ತಿದ್ದವಳು ಅವಳೇ. "ಹೂವಿಗೆ ದೊಡ್ಡ ಊರಿನವರನ್ನ ಗೊತ್ತು ಮಾಡಿದಾರಂತೆ ಅಕ್ಕಾ. ನಿನಗೆ ಹೇಳಕ್ಕೆ ಅವರಿಗೆ ಸಂಕೋಚ."

ಹೂವಿನಕ್ಕ ಕೈ ಒರೆಸಿಕೊಂಡು ನೇರವಾಗಿ ಪಕ್ಕದ ಅಂಗಡಿಗೆ ಹೋದಳು.

"ಅಣ್ಣಾ, ಆವತ್ತು ನೀವು ಬರದೇ ಇದ್ದಿದ್ರೆ ಈ ಕೈ ಇಷ್ಟೂ ಉಳೀತಿರಲಿಲ್ಲ. ಅದನ್ನ ಸಾಯೋತನಕ ಮರೆಯಲ್ಲ. ಆದ್ರೆ ಹೂವಿನ ವಿಷಯ ನನ್ನ ಮುಖಕ್ಕೆ ಹೇಳ್ಬಹುದಿತ್ತು."

ಅವರು ಮುಖ ಸಣ್ಣದು ಮಾಡಿಕೊಂಡು ಶೀಷೆಗಳನ್ನು ಆ ಕಡೆ ಈ ಕಡೆ ಸರಿಸಿದರು. "ನಿಮಗೆ ತೊಂದರೆ ಕೊಡೋದು ಬೇಡ ಅಂತ..."

"ಮಂಟಪ, ಬಾಗಿಲು ಎಲ್ಲಾ ಅವರೇ ಮಾಡ್ಲಿ. ಮದುಮಗಳ ಕೈಯಲ್ಲಿ ಹಿಡಿಯೋ ಗುಚ್ಛ ಒಂದನ್ನ ನಾನು ಕಟ್ಟಿ ತೋರಿಸ್ತೀನಿ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತ ಹೇಳಿ. ನನ್ನ ಕೈ ನೋಡಿ ಹೇಳ್ಬೇಡಿ, ಹೂವು ನೋಡಿ ಹೇಳಿ."

ಎರಡು ದಿನ ಬಿಟ್ಟು ಗುಚ್ಛ ಒಯ್ದಳು. ಬಿಳಿ ಗುಲಾಬಿ, ನಡುವೆ ತಿಳಿ ಗುಲಾಬಿ ಬಣ್ಣದ ಕಾರ್ನೇಷನ್. ಹುಡುಗಿ ಅದನ್ನು ಹಿಡಿದು ಕನ್ನಡಿಯ ಮುಂದೆ ನಡೆದಳು, ತಿರುಗಿದಳು. ತಿರುಗಿದ ರಭಸಕ್ಕೆ ಎರಡು ಗುಲಾಬಿ ಕೆಳಗೆ ಜಾರಿದವು.

"ಹೇಳು ಪುಟ್ಟಿ" ಅಂದಳು ಹೂವಿನಕ್ಕ.

ಹುಡುಗಿ ಅಪ್ಪನ ಮುಖ ನೋಡಿದಳು, ನೆಲ ನೋಡಿದಳು. ಆಮೇಲೆ ಹೇಳಿಯೇ ಬಿಟ್ಟಳು. "ಬಣ್ಣ ತುಂಬಾ ಚೆನ್ನಾಗಿದೆ ಆಂಟಿ. ಆದ್ರೆ ಕಟ್ಟು ಸಡಿಲ. ಇದನ್ನ ಹಿಡ್ಕೊಂಡ್ರೆ ಯಾವಾಗ ಬಿಚ್ಚುತ್ತೋ ಅಂತ ನನಗೆ ಭಯ ಆಗುತ್ತೆ."

"ಸರಿಯಾಗಿ ಹೇಳಿದೆ. ಇನ್ನೊಂದು ತರ್ತೀನಿ." ಬಿದ್ದ ಹೂಗಳನ್ನು ಆಯ್ದುಕೊಂಡು ಹೊರಟಳು. ಅಂಗಡಿಗೆ ಬಂದ ಮೇಲೆ ಮಾತ್ರ ಬಕೆಟ್ಟುಗಳ ಮಧ್ಯೆ ಕೂತು, ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಗಂಡ ಬಾಗಿಲಿಗೆ ಅಡ್ಡಲಾಗಿ ಬೆನ್ನು ಕೊಟ್ಟು ನಿಂತು, ಬಂದ ಗಿರಾಕಿಗಳಿಗೆ "ಅರ್ಧ ಗಂಟೆ ಬಿಟ್ಟು ಬನ್ನಿ" ಎಂದು ಸಾಗಹಾಕಿದ.

ಅದೇ ಸಂಜೆ ತಂಗಿ ಬಂದಳು. ಅಕ್ಕ ಅದೇ ಗುಚ್ಛವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ತಂಗಿ ಬುದ್ಧಿ ಹೇಳಲು ಬಾಯಿ ತೆರೆದವಳು, ಅಕ್ಕನ ಒದ್ದೆಯಾದ ಎದೆಯನ್ನೂ ಮುಳ್ಳು ಗೀರಿದ ಗದ್ದವನ್ನೂ ನೋಡಿ ಮಾತು ಬದಲಿಸಿದಳು. "ಹಿಡಿಯೋದೊಂದೇ ತಾಪತ್ರಯ ತಾನೆ? ಕೈ ಚಾಚು" ಎಂದು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಕ್ಕನ ಬಲಗೈಯ ಅಳತೆ ತಗೊಂಡಳು. ಮಣಿಕಟ್ಟು, ಅಂಗೈ, ಉಳಿದ ಬೆರಳು. ಅಷ್ಟು ವರ್ಷ ಅಳತೆ ತಗೊಂಡವಳು ಆ ಅಳತೆಯನ್ನು ಎರಡೆರಡು ಸಲ ತಗೊಂಡಳು.

ಮರುದಿನ ತಂದದ್ದು ದಪ್ಪ ಕ್ಯಾನ್ವಾಸಿನ ಒಂದು ಪಟ್ಟಿ. ಮಣಿಕಟ್ಟಿಗೆ ಸುತ್ತಿ ಬಿಗಿಯುವಂಥದ್ದು, ಅಂಗೈಗೆ ಅಡ್ಡಲಾಗಿ ಒಂದು ಕುಣಿಕೆ. ಕಡ್ಡಿಗಳನ್ನು ಕುಣಿಕೆಯೊಳಗೆ ಇಳಿಸಿ, ಪಟ್ಟಿಯ ತುದಿಯನ್ನು ಹಲ್ಲಿನಿಂದ ಎಳೆದರೆ ಬಿಗಿಯಾಗಿ ಅಂಗೈಗೆ ಕೂರುತ್ತಿದ್ದವು. ಮೊದಲನೆಯದು ಉಜ್ಜಿ ಚರ್ಮ ಸುಲಿಯಿತು. ತಂಗಿ ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಇನ್ನೊಂದು ಹೊಲಿದಳು. ಅದರ ಕುಣಿಕೆ ದೊಡ್ಡದಾಯಿತು. ಮತ್ತೆ ಬಿಚ್ಚಿದಳು. "ಮದುವೆ ಉಡುಪಿಗೂ ಇಷ್ಟು ಸಲ ಬಿಚ್ಚಿಲ್ಲ ನಾನು" ಎಂದು ಗೊಣಗುತ್ತಲೇ ಮತ್ತೊಂದು ಹೊಲಿದಳು. ಅದು ಚರ್ಮದ ಹಾಗೆ ಕೂತಿತು.

ಹೂವಿನಕ್ಕ ಹಗಲೆಲ್ಲ ಕಟ್ಟಿದಳು, ಬಿಚ್ಚಿದಳು. ಕಡ್ಡಿಗಳು ಒಂದರ ಮೇಲೊಂದು ಓರೆಯಾಗಿ ಸುತ್ತಿಕೊಂಡು ಸರಿಯಾಗಿ ಹೆಣೆದುಕೊಂಡರೆ ಗುಚ್ಛ ಮೇಜಿನ ಮೇಲೆ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಬಿದ್ದದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಒಂದು ಬಿತ್ತು. ಇನ್ನೊಂದು ನಿಂತಂತೆ ಮಾಡಿ ಬಿತ್ತು. ಗಂಡ ಪಕ್ಕದಲ್ಲಿ ಕೂತು ಗುಲಾಬಿಯ ಮುಳ್ಳು ಬಿಡಿಸಿ ಬಿಡಿಸಿ ಕೊಟ್ಟ. ಸಂಜೆಯ ಹೊತ್ತಿಗೆ ಒಂದು ನಿಂತಿತು. ಅವನು ಮೇಜನ್ನು ಮೊಣಕೈಯಿಂದ ಮೆಲ್ಲಗೆ ತಳ್ಳಿ ನೋಡಿದ. ಅಲುಗಿತು, ಬೀಳಲಿಲ್ಲ.

"ಗುಲಾಬಿ ಚೆನ್ನಾಗಿ ಕೂತಿದೆ" ಅಂದ. ಮದುವೆಯಾದಾಗಿನಿಂದ ಮೊದಲ ಸಲ ಅವನ ಬಾಯಲ್ಲಿ ಹೂವಿನ ಹೆಸರು ಬಂದಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ, ಬಾಯಲ್ಲಿದ್ದ ಪಟ್ಟಿ ಬಿದ್ದೇ ಹೋಯಿತು.

ಹುಡುಗಿ ಈ ಸಲ ಗುಚ್ಛ ಹಿಡಿದು ಬರೀ ನಡೆಯಲಿಲ್ಲ, ಮಹಡಿ ಮೆಟ್ಟಿಲು ಇಳಿದಳು, ಹತ್ತಿದಳು, ಕೊನೆಗೆ ಅದನ್ನು ತಲೆಕೆಳಗೆ ಮಾಡಿ ಒದರಿದಳು. ಒಂದು ಎಸಳು ಉದುರಿತು, ಹೂವು ಉದುರಲಿಲ್ಲ. "ಇದೇ ಬೇಕು" ಅಂದಳು. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು.

ಮದುವೆಯ ದಿನಕ್ಕೆ ತಾಜಾ ಹೂವಿನಲ್ಲಿ ಅದನ್ನೇ ಮತ್ತೆ ಕಟ್ಟಿದಳು. ದೊಡ್ಡ ಊರಿನವರು ಮಂಟಪವನ್ನು ಹೂವಿನಲ್ಲೇ ಮುಳುಗಿಸಿದ್ದರು. ಅವರ ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದಳು ಕೂಡ, ಅವರ ಮುಖ್ಯಸ್ಥನ ಹತ್ತಿರವೇ ಹೋಗಿ. ಆಮೇಲೆ ಒಂದು ಕಂಬಕ್ಕೆ ಒರಗಿ ನಿಂತವಳು ಮದುಮಗಳ ಮುಖ ನೋಡಲಿಲ್ಲ, ಉಡುಪು ನೋಡಲಿಲ್ಲ, ಕೈಯಲ್ಲಿದ್ದ ಗುಚ್ಛವನ್ನಷ್ಟೇ ನೋಡಿದಳು. ಫೋಟೊ ತೆಗೆಯುವಾಗ, ನೆಂಟರು ತಬ್ಬಿಕೊಳ್ಳುವಾಗ, ಯಾವುದೋ ಮಗು ಎಳೆಯುವಾಗ ಉಸಿರು ಬಿಗಿಹಿಡಿದಳು. ಗಂಡ ಊಟದ ತಟ್ಟೆ ತಂದು ಕೈಗೆ ಕೊಟ್ಟರೂ ಮದುಮಗಳು ಕುರ್ಚಿಯಲ್ಲಿ ಕೂತು ಗುಚ್ಛವನ್ನು ತೊಡೆಯ ಮೇಲೆ ಇಡುವವರೆಗೆ ತುತ್ತು ಬಾಯಿಗಿಡಲಿಲ್ಲ. ಪಕ್ಕದಲ್ಲಿ ತಂಗಿ ಬಂದು ನಿಂತು, "ನಾನು ಹೊಲಿದ ಉಡುಪು ಒಂದ್ಸಲನಾದ್ರೂ ನೋಡೇ" ಎಂದು ಸಿಡುಕಿದಳು. ಆಗ ನೋಡಿದಳು. ಚೆನ್ನಾಗಿತ್ತು.

ಈಗಲೂ ಚಳಿಯ ಬೆಳಿಗ್ಗೆ ಇಲ್ಲದ ಬೆರಳುಗಳು ನೋಯುತ್ತವೆ ಅನ್ನುತ್ತಾಳೆ. ಹಿಂದೆ ಒಂದು ಗುಚ್ಛಕ್ಕೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಈಗ ಅರ್ಧ ಗುಚ್ಛವೂ ಆಗುವುದಿಲ್ಲ. ಅವಸರದವರು ಬೇರೆ ಕಡೆ ಹೋಗುತ್ತಾರೆ, ಹೋಗಲಿ ಎಂದು ಬಿಟ್ಟಿದ್ದಾಳೆ. ಮದುವೆಯಲ್ಲಿ ನೋಡಿದವರು ಕೆಲವರು ಹುಡುಕಿಕೊಂಡು ಬರುತ್ತಾರೆ. ಮೊಬೈಲ್ ಅಂಗಡಿಯವರು ಬೇರೆ ಜಾಗ ನೋಡಿಕೊಂಡರು. ಗಂಡ ಬಕೆಟ್ಟು ತೊಳೆಯುತ್ತಾನೆ, ಮುಳ್ಳು ಬಿಡಿಸುತ್ತಾನೆ, ಸೇವಂತಿಗೆಗೂ ಜರ್ಬೆರಾಗೂ ವ್ಯತ್ಯಾಸ ಹೇಳಬಲ್ಲ. ಕಾರ್ನೇಷನ್ ಅನ್ನುವಾಗ ಮಾತ್ರ ನಾಲಿಗೆ ತೊಡರುತ್ತದೆ.

ಅಂದು ಮದುವೆಯಿಂದ ಮನೆಗೆ ಬರುವಾಗ ಅವನು, "ನಾಳೆ ಒಂದು ದಿನ ರಜ ಮಾಡು ಕಣೇ, ಸುಸ್ತಾಗಿದೀಯ" ಅಂದಿದ್ದ.

"ನಾಳೆ ಬೇಕರಿಯವನ ಅಮ್ಮನ ಹುಟ್ಟಿದ ದಿನ. ಬೆಳಿಗ್ಗೆಯೇ ಹೂವು ಕೊಡ್ತೀನಿ ಅಂದಿದೀನಿ. ಬೇಗ ಎಬ್ಬಿಸಿ" ಎಂದು ಹೇಳಿ ಅವಳು ಮುಂದೆ ಮುಂದೆ ನಡೆದಳು.